ಡಾನ್ ಬ್ರೌಲಿಯೊಗೆ ಸುಳ್ಳು ಕಲಿಸಿದ್ದು

ಮೇ 6, ಸೋಮವಾರ

ಕಚೇರಿ ತಲುಪಿದ್ದು ಒಂಬತ್ತು ಗಂಟೆ ಏಳು ನಿಮಿಷಕ್ಕೆ. ಬಸ್ಸು ಸರಿಯಾದ ಹೊತ್ತಿಗೇ ಬಂದಿತ್ತು. ತಡ ಮಾಡಿದವಳು ನಾನು.

ಇವತ್ತಿನಿಂದ ಜೂನ್ ಕೊನೆಯವರೆಗೆ ದಿನಚರಿ ಬರೆಯಬೇಕೆಂದಿದ್ದೇನೆ. ತಲೆಬಿಸಿಯ ದಿನಗಳು ಬರುತ್ತಿವೆ. ನಡೆದದ್ದು ನಡೆದ ಹಾಗೆಯೇ ಉಳಿಯುವ ಜಾಗ ಒಂದಾದರೂ ಇರಲಿ. ಇಂಗ್ಲಿಷ್ ಶಾಲೆಯಲ್ಲಿ ನಮ್ಮ ಮಿಸ್ ಹೇಕಾಕ್ ಪ್ರತಿ ಉತ್ತರಪತ್ರಿಕೆಯ ಕೆಳಗೆ ‘ನನ್ನ ಮರ್ಯಾದೆಯ ಮೇಲೆ ಆಣೆ, ನಕಲು ಮಾಡಿಲ್ಲ’ ಎಂದು ಬರೆಸಿ ಸಹಿ ಹಾಕಿಸುತ್ತಿದ್ದರು. ಅದು ಕೈಗೆ ಹತ್ತಿದ ಅಭ್ಯಾಸ, ಇನ್ನೂ ಬಿಟ್ಟಿಲ್ಲ. ಗುಣಮಟ್ಟ ಪರೀಕ್ಷಿಸುವ ಕೆಲಸ ಸಿಕ್ಕಿದ್ದೂ ಅದರಿಂದಲೇ ಇರಬೇಕು.

ವಿಷಯ ಇದು. ನಮ್ಮ ಮಾಲೀಕ ರೋಲೊ ಎಲ್ಲರನ್ನೂ ಕರೆದು ಹೇಳಿದ: ಜೂನ್ 29ರ ಶನಿವಾರ ಬ್ಯೂನಸ್ ಐರಿಸ್‌ನಿಂದ ಮಿಲಾಗ್ರೋಸ್ ಉರ್ತಾಸುನ್ ಎಂಬ ಹೆಂಗಸು ಬರುತ್ತಾಳೆ. ನಮ್ಮ ಟ್ರೂಕೊ ಇಸ್ಪೀಟಿನ ಗೇಮನ್ನು ದೇಶದ ಎಲ್ಲ ಫೋನುಗಳಿಗೂ ಹಂಚುವ ಶಕ್ತಿ ಅವಳಿಗಿದೆ. ಆದರೆ ಕಚೇರಿಯಲ್ಲಿ ಕೂತು ನೋಡುವುದಿಲ್ಲವಂತೆ. ಎಲ್ ಫ್ರೆಸ್ನೊ ಎಂಬ ಬೋಚಾಸ್ ಚೆಂಡಾಟದ ಕ್ಲಬ್ಬಿನಲ್ಲಿ ಪರದೆ ಇಟ್ಟು, ನಿಜವಾದ ಇಸ್ಪೀಟುಗಾರರನ್ನು ಆಡಿಸಬೇಕು. ಒಂದಾಟ ಮುಗಿದ ಮೇಲೆ ಯಾರೂ ಹೇಳದೆ ಎರಡನೇ ಆಟಕ್ಕೆ ಕೂತರೆ ತೆಗೆದುಕೊಳ್ಳುತ್ತಾಳೆ. ಕೂರದಿದ್ದರೆ ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ. ಆಮೇಲೆ ನಾವೆಲ್ಲ ಬಣ್ಣಬಣ್ಣದ ಮಿಠಾಯಿ ಒಡೆಯುವ ಗೇಮ್ ಮಾಡಬೇಕು. ಹಾಗಾದರೆ ಐಲೆನ್ ಕೆಲಸ ಬಿಡುತ್ತಾಳೆ. ನಾನು ಮಿಠಾಯಿ ಸರಿಯಾಗಿ ಒಡೆಯಿತೇ ಎಂದು ನಿವೃತ್ತಿಯವರೆಗೆ ನೋಡುತ್ತಿರುತ್ತೇನೆ.

ಐಲೆನ್ ನಮ್ಮ ಯಂತ್ರದ ಎದುರಾಳಿಗೆ ಬುದ್ಧಿ ಬರೆದವಳು. ಎದುರಾಳಿಯ ಹೆಸರು ಡಾನ್ ಬ್ರೌಲಿಯೊ, ಅಂದರೆ ಬ್ರೌಲಿಯೊ ಯಜಮಾನರು: ಬೆರೆ ಟೊಪ್ಪಿ, ಬಿಳಿ ಮೀಸೆ, ಬಾಯಲ್ಲಿ ಹಲ್ಲುಕಡ್ಡಿ. ಪರದೆಯಾಚೆ ಕೂತು ಆಡುತ್ತಾನೆ. ಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ. ನನ್ನ ಪರೀಕ್ಷಾ ಹಾಳೆಯ ಮೊದಲ ಸಾಲು: ‘ಎದುರಾಳಿ ಆಟಗಾರನ ಎಲೆಗಳನ್ನು ಕದ್ದು ನೋಡುವುದಿಲ್ಲ.’ ಹನ್ನೊಂದನೆಯ ಸಾಲು: ‘ಪ್ರತಿ ಕೈ ಮುಗಿದ ಮೇಲೆ ಎದುರಾಳಿ ತನ್ನ ಎಲ್ಲ ಎಲೆಗಳನ್ನೂ ತೆರೆದು ತೋರಿಸುತ್ತಾನೆ.’ ಎರಡೂ ನಾನು ಹಟ ಹಿಡಿದು ಹಾಕಿಸಿದ ಸಾಲುಗಳು. ಕೆಳಗೆ ನನ್ನ ಸಹಿ.

ರೋಲೊ ಅಂದ: “ಸಿಲ್ವಿ, ನಿಮ್ಮ ಮುದುಕ ಸತ್ಯವಂತ, ಒಪ್ಕೋತೀನಿ. ಆದ್ರೆ ಎಷ್ಟು ಬೋರು ಕಣೆ! ನಮ್ಮ ಚಿಕ್ಕಪ್ಪನ ಮಣ್ಣಿಗೆ ಹೋಗಿದ್ದೆ, ಅಲ್ಲೇ ಇದಕ್ಕಿಂತ ಮಜಾ ಇತ್ತು.”

ಮೇ 9, ಗುರುವಾರ

ಕ್ಲಬ್ಬಿನಲ್ಲಿ ಮೊದಲ ಪರೀಕ್ಷೆ. ಆಡಿದವರು ಎಂಟು ಜನ. ಎರಡನೇ ಆಟಕ್ಕೆ ಕೂತವರು ಯಾರೂ ಇಲ್ಲ. ಮೂವರು ಮೊದಲನೆಯದನ್ನೂ ಮುಗಿಸಲಿಲ್ಲ.

ಡಾನ್ ಎಲಿಸೆಯೊ ಕಲ್ಲುಗಣಿಯಲ್ಲಿ ನಲವತ್ತು ವರ್ಷ ದುಡಿದವರು, ಕ್ಲಬ್ಬಿನ ಹೆಸರಾಂತ ಆಟಗಾರ. ಐದು ನಿಮಿಷಕ್ಕೆ ಕುರ್ಚಿ ತಳ್ಳಿ ಎದ್ದರು.

“ಈ ಕಳ್ಳ ನನ್ನ ಎಲೆ ನೋಡ್ತಾನೆ!”

“ಇಲ್ಲ ಡಾನ್ ಎಲಿಸೆಯೊ, ಖಂಡಿತ ನೋಡಲ್ಲ. ನಾನೇ ಪರೀಕ್ಷೆ ಮಾಡಿದ್ದೀನಿ.”

“ನೋಡಲ್ವಾ?” ಅವರ ಮುಖ ಇನ್ನೂ ಬಾಡಿತು. “ಹಾಗಾದ್ರೆ ಇನ್ನೂ ಕೆಟ್ಟೋದ. ಕಳ್ಳನಾದ್ರೂ ಆಗಿದ್ರೆ ಸ್ವಲ್ಪ ಗೌರವ ಇರ್ತಿತ್ತು.”

ಕ್ಲಬ್ಬಿನ ಅಡುಗೆಕಟ್ಟೆ ನೋಡಿಕೊಳ್ಳುವವಳು ಚೊಲಾ. ಎಪ್ಪತ್ತೊಂದು ವರ್ಷ. ಎಲಿಸೆಯೊಗೆ ಹೆದರಿಕೆ ಹುಟ್ಟಿಸುವ ಒಬ್ಬಳೇ ಆಟಗಾರ್ತಿ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತಳು.

“ನೀನು ಟ್ರೂಕೊ ಆಡ್ತೀಯೇನಮ್ಮ?”

“ನಿಯಮಗಳೆಲ್ಲ ಗೊತ್ತು. ನಲವತ್ತೆರಡು ಪುಟ ನಾನೇ ಬರೆದಿದ್ದೀನಿ.”

“ಬರೀತೀಯಾ ಅಂತ ಕೇಳಿಲ್ಲ. ಆಡ್ತೀಯಾ ಅಂದೆ.”

ಮನುಷ್ಯರ ಜೊತೆ ಆಡಿಲ್ಲವೆಂದೆ. ಎಲಿಸೆಯೊ ಟೊಪ್ಪಿ ತೆಗೆದರು.

“ಎಲ್ಲಿ ಓದಿದ್ದು?” ಚೊಲಾ ಕೇಳಿದಳು.

“ಇಂಗ್ಲಿಷ್ ಶಾಲೆ. ಅಲ್ಲಿ ಇಸ್ಪೀಟು ಮುಟ್ಟೋ ಹಾಗಿರ್ಲಿಲ್ಲ.”

“ಅಯ್ಯೋ ಪಾಪ, ಮಿಸ್ಸು!” ಅಂದಳು ಚೊಲಾ. ಈಗ ಕ್ಲಬ್ಬಿನಲ್ಲಿ ನನ್ನ ಹೆಸರು ಅದೇ.

ಅವಮಾನ ಅನ್ನಿಸಿತೇ? ಅನ್ನಿಸಿತು. ಆದರೆ ಅವಳ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಈಜು ಬಾರದವಳು ಎರಡು ವರ್ಷ ನೀರಿನ ಗುಣಮಟ್ಟ ಪರೀಕ್ಷಿಸಿದ ಹಾಗಾಯಿತು ನನ್ನ ಕಥೆ.

ಮೇ 14, ಮಂಗಳವಾರ

ಕೆಲಸ ಮುಗಿಸಿ ಕ್ಲಬ್ಬಿಗೆ ಹೋದೆ, ಪಾಠಕ್ಕೆ. ನನ್ನ ನಲವತ್ತೆರಡು ಪುಟಗಳ ಸಾರ ಇಷ್ಟೇ: ಒಬ್ಬೊಬ್ಬರಿಗೆ ಮೂರು ಎಲೆ. ದೊಡ್ಡ ಎಲೆ ಚಿಕ್ಕದನ್ನು ಹೊಡೆಯುತ್ತದೆ. ಕತ್ತಿ, ಬಟ್ಟಲು ಮುಂತಾದ ನಾಲ್ಕು ಬಣ್ಣಗಳಲ್ಲಿ ಕತ್ತಿಯ ಎಕ್ಕಕ್ಕಿಂತ ದೊಡ್ಡದಿಲ್ಲ, ನಾಲ್ಕಕ್ಕಿಂತ ಚಿಕ್ಕದಿಲ್ಲ. ಮಧ್ಯದಲ್ಲಿ ಯಾವಾಗ ಬೇಕಾದರೂ ‘ಟ್ರೂಕೊ!’ ಎಂದು ಕೂಗಿ ಪಣ ಏರಿಸಬಹುದು. ಎದುರಿನವರು ‘ಬೇಕು’ ಅಂದರೆ ಆಟ ಮುಂದುವರಿಯುತ್ತದೆ, ಬೇಕಾದರೆ ಅವರು ಪಣವನ್ನು ಇನ್ನೂ ಏರಿಸಬಹುದು. ‘ಬೇಡ’ ಅಂದರೆ ಕೂಗಿದವರಿಗೆ ಅಂಕ. ಮೂವತ್ತು ಅಂಕಕ್ಕೆ ಆಟ ಮುಗಿಯುತ್ತದೆ. ಕೈಯಲ್ಲಿ ಏನೂ ಇಲ್ಲದೆಯೂ ಕೂಗಬಹುದು ಎಂಬುದು ಮೂವತ್ತೆಂಟನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇದೆ.

ನಾಲ್ಕನೇ ಕೈಯಲ್ಲಿ ನನಗೆ ಕತ್ತಿಯ ಎಕ್ಕ ಬಂತು. ಟ್ರೂಕೊ ಎಂದೆ. ಎಲಿಸೆಯೊ ನನ್ನ ಮುಖ ನೋಡಿ, ತಕ್ಷಣ “ಬೇಡ” ಅಂದರು. ನಾನು ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟೆ. “ನೋಡಿ, ನಿಜವಾಗ್ಲೂ ಇತ್ತು.”

ಮೇಜಿನ ಸುತ್ತ ಎಲ್ಲರೂ ನೋವಾದವರಂತೆ ನರಳಿದರು. ಯಾರೋ “ಕಣ್ಣು ಮುಚ್ಕೊಳ್ರಪ್ಪ” ಎಂದರು. ಚೊಲಾ ಎಲೆಗಳನ್ನು ಮಗುಚಿ ಹಾಕಿ ಅವುಗಳ ಮೇಲೆ ಅಂಗೈ ಇಟ್ಟಳು.

“ಮುಚ್ಚೇ ಮುಚ್ಚು! ಹೀಗಾ ಜನರ ಮುಂದೆ ಬಿಚ್ಚಿಡೋದು?”

“ಸುಳ್ಳು ಹೇಳಿಲ್ಲ ಅಂತ ಗೊತ್ತಾಗ್ಲಿ ಅಂತ...”

“ಯಾಕೆ ಗೊತ್ತಾಗ್ಬೇಕು? ನೋಡೋ ಆಸೆ ಇದ್ದಿದ್ರೆ ಅವ್ನು ‘ಬೇಕು’ ಅನ್ಬೇಕಾಗಿತ್ತು. ಅನ್ಲಿಲ್ಲ, ಹೆದರ್ಕೊಂಡ. ಈಗ ಮನೆಗೆ ಹೋಗಿ ಸೂಪ್ ಕುಡೀತಾ ಯೋಚ್ನೆ ಮಾಡ್ಲಿ: ಮಿಸ್ಸಿನ ಹತ್ರ ಏನಿತ್ತು, ಏನಿತ್ತು ಅಂತ. ಅದೇ ಅವನಿಗೆ ಶಿಕ್ಷೆ. ನೀನು ಪುಕ್ಕಟೆ ಬಿಡುಗಡೆ ಮಾಡಿಬಿಟ್ಯಲ್ಲ!”

“ಈವತ್ತು ನಿದ್ದೆ ಚೆನ್ನಾಗಿ ಬರುತ್ತೆ ನಂಗೆ,” ಎಂದರು ಎಲಿಸೆಯೊ, ಬೇಸರದಿಂದ.

ಮುಗಿದ ಕೈಯ ಎಲೆ ಕಟ್ಟಿಗೆ ಸೇರಿದ ಮೇಲೆ ಅದೇನಿತ್ತು ಎಂದು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಇದು ನನ್ನ ನಲವತ್ತೆರಡು ಪುಟಗಳಲ್ಲಿ ಎಲ್ಲೂ ಇಲ್ಲ. ಮನೆಗೆ ಬರುವಾಗ ಏನೋ ಒಂದು ಮನಸ್ಸನ್ನು ಕೆರೆಯುತ್ತಿತ್ತು. ಏನೆಂದು ಹಿಡಿಯಲಾಗಲಿಲ್ಲ.

ಮೇ 17, ಶುಕ್ರವಾರ

ರೋಲೊ ಪರಿಹಾರ ಕಂಡುಕೊಂಡಿದ್ದಾನೆ. ಬ್ರೌಲಿಯೊ ಎದುರಿನವರ ಎಲೆಗಳನ್ನು ಕದ್ದು ನೋಡಬೇಕು.

“ಆಗ ಅವನ ಸುಳ್ಳು ಒಂದೂ ಸಿಕ್ಕಿಬೀಳಲ್ಲ. ಎಲ್ರೂ ‘ಅಬ್ಬಾ ಎಂಥ ಬುದ್ಧಿ!’ ಅಂತಾರೆ. ಎಲ್ಲ ಗೇಮಲ್ಲೂ ಹೀಗೇ ಮಾಡ್ತಾರೆ ಕಣ್ರೆ, ನೀವಿಬ್ರೇ ಸನ್ಯಾಸಿಗಳ ಥರ ಆಡ್ತೀರ.”

“ಅದು ಬುದ್ಧಿ ಅಲ್ಲ ರೋಲೊ, ಕಿಟಕೀಲಿ ಇಣುಕೋ ಚಟ,” ಎಂದಳು ಐಲೆನ್. ಕೈಯಲ್ಲಿದ್ದ, ಮಟೆ ಚಹಾ ಕುಡಿಯುವ ಸೋರೆಬುರುಡೆಯನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಸೊಪ್ಪು ಚೆಲ್ಲಿತು.

ಆದರೂ ಮಾಡಿದಳು, ಮಾಲೀಕನ ಮಾತಲ್ಲವೇ. ಮಧ್ಯಾಹ್ನ ನಾನೇ ಇಣುಕುವ ಬ್ರೌಲಿಯೊ ಎದುರು ಆರು ಆಟ ಆಡಿ, ಆರೂ ಸೋತೆ. ನನ್ನ ಹತ್ತಿರ ದೊಡ್ಡ ಎಲೆ ಇದ್ದಾಗಲೆಲ್ಲ ‘ಬೇಡ’ ಎಂದು ಜಾರಿಕೊಂಡ. ಇಲ್ಲದಾಗಲೆಲ್ಲ ಕೂಗಿದ. ಆರನೇ ಆಟದ ಹೊತ್ತಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ನಲ್ಲಿಯಲ್ಲಿ ನೀರು ಸೋರುವುದನ್ನು ನೋಡುತ್ತಾ ಕೂತಂತಿತ್ತು.

ಅವನನ್ನು ಇಟ್ಟುಕೊಂಡು ಮೊದಲ ಸಾಲಿನ ಕೆಳಗೆ ಸಹಿ ಹಾಕುವುದಿಲ್ಲವೆಂದು ರೋಲೊಗೆ ಹೇಳಿದೆ. “ಹಾಕ್ತೀಯ, ಜೂನ್ ಬರ್ಲಿ,” ಎಂದ. ಸಹಿ ಇರುವ ಹಾಳೆ ಇಲ್ಲದೆ ಮಿಲಾಗ್ರೋಸ್ ಗೇಮನ್ನು ಮುಟ್ಟುವುದಿಲ್ಲವಂತೆ.

ಮೇ 25, ಶನಿವಾರ

ರಾಷ್ಟ್ರೀಯ ಹಬ್ಬ. ತಂಗಿ ನೋಯೆಮಿಯ ಮನೆಯಲ್ಲಿ ಜೋಳ, ಮಾಂಸ ಬೇಯಿಸಿದ ಲೋಕ್ರೊ. ಅವಳು ತಾನೇ ನೇಯ್ದ ಉಣ್ಣೆಯ ಮೇಲುಡುಪು ಪೋಂಚೊ ಹಾಕಿಕೊಂಡು ಒಂದು ಸುತ್ತು ತಿರುಗಿದಳು. “ಹೇಗಿದೆ?”

“ಕತ್ತಿನ ಹತ್ರ ಬಿಗಿಯಾಗಿದೆ. ಈ ಸಾಸಿವೆ ಬಣ್ಣ ನಿನ್ನ ಮುಖಕ್ಕೆ ಒಪ್ಪಲ್ಲ.”

ಕೇಳಿದ್ದಕ್ಕೆ ಹೇಳಿದೆ. ಅವಳ ಗಂಡ ಬೆತೊ ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕ. “ನಿಮ್ಮ ಅಕ್ಕನ ಜೊತೆ ಇಸ್ಪೀಟು ಆಡಿದ್ರೆ ಪೇಪರ್ ಓದಿದ ಹಾಗಿರುತ್ತೆ ನೋಡು. ಎಲ್ಲಾ ಮುಖಪುಟದಲ್ಲೇ.”

ಪ್ರತಿ ವರ್ಷ ಉಳಿದ ಲೋಕ್ರೊವನ್ನು ಡಬ್ಬಿಗೆ ಹಾಕಿ ಕೊಡುತ್ತಾಳೆ. ಈ ಸಲ ಕೊಡಲಿಲ್ಲ.

ಜೂನ್ 3, ಸೋಮವಾರ

ಅವತ್ತು ಮನಸ್ಸನ್ನು ಕೆರೆಯುತ್ತಿದ್ದದ್ದು ಏನೆಂದು ಸಿಕ್ಕಿತು.

ಚೊಲಾ ಮತ್ತು ಎಲಿಸೆಯೊ ಆಡುತ್ತಿದ್ದರು. ನಾನು ಚೊಲಾಳ ಹಿಂದೆ ಕೂತಿದ್ದೆ. ಆಟದ ಶುರುವಿನಲ್ಲೇ ಅವಳ ಕೈಯಲ್ಲಿ ಎರಡು ನಾಲ್ಕು, ಒಂದು ಐದು, ಅಂದರೆ ಬರೀ ಕಸ. ಹಾಯಾಗಿ “ಟ್ರೂಕೊ!” ಅಂದಳು. ಎಲಿಸೆಯೊ “ಬೇಕು” ಅಂದರು, ಹೊಡೆದರು, ಎರಡಂಕ ತೆಗೆದುಕೊಂಡರು. ಚೊಲಾ ನಾಚಿಕೆಯಿಲ್ಲದೆ ನಕ್ಕಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ, ಮತ್ತೆ ಸಿಕ್ಕಿಬಿದ್ದಳು.

“ವಯಸ್ಸಾಯ್ತು ಚೊಲಾ ನಿಂಗೆ,” ಎಂದರು ಎಲಿಸೆಯೊ, ಪ್ರೀತಿಯಿಂದ. “ಬುರುಡೆ ಬಿಡೋಕೂ ಬರ್ತಿಲ್ಲ.”

ಇಪ್ಪತ್ತಾರು ಅಂಕದ ಹೊತ್ತಿಗೆ ಅವಳಿಗೆ ಕತ್ತಿಯ ಎಕ್ಕ ಬಂತು. ಮುಂಚಿನ ದನಿಯಲ್ಲೇ, ಮುಂಚಿನ ನಗುವಿನಲ್ಲೇ ಟ್ರೂಕೊ ಎಂದಳು. ಎಲಿಸೆಯೊ ಹೊಟ್ಟೆ ಹಿಡಿದುಕೊಂಡು ನಗುತ್ತಾ, “ಬೇಕು! ಇನ್ನೂ ಏರಿಸ್ತೀನಿ ತಗೋ!” ಎಂದರು. ಆಮೇಲಿನ ಅವರ ಮುಖವನ್ನು ವರ್ಣಿಸಲು ನನ್ನಿಂದಾಗದು.

ಪಾತ್ರೆ ತೊಳೆಯುವಾಗ ಕೇಳಿದೆ. ಚೊಲಾ ಅಂದಳು: “ಎಲೆ ಯಾರಿಗೆ ಬೇಕಾದ್ರೂ ಬರುತ್ತೆ ಮಿಸ್. ಆಟ ಇರೋದು ಎದುರಿನವ್ನು ನಿನ್ನ ಬಗ್ಗೆ ಏನು ತಿಳ್ಕೊಂಡಿದ್ದಾನೆ ಅನ್ನೋದ್ರಲ್ಲಿ. ಮೊದ್ಲು ಅಗ್ಗದಲ್ಲಿ ಸಿಕ್ಕಿಬೀಳ್ಬೇಕು. ‘ಇವ್ಳು ಸುಳ್ಳಿ’ ಅಂತ ಅವ್ನ ತಲೇಲಿ ಕೂರಿಸ್ಬೇಕು. ಆಮೇಲೆ ನಿಜ ಹೇಳ್ಬೇಕು. ಯಾರೂ ನಂಬಲ್ಲ, ಅದಕ್ಕಿಂತ ಮಜಾ ಏನಿದೆ!”

“ಹುಟ್ಟಿದಾಗಿಂದ ನಲವತ್ತೈದು ವರ್ಷಾನೂ ನಿಜಾನೇ ಹೇಳ್ಕೊಂಡು ಬಂದಿದ್ರೆ?”

ಚೊಲಾ ತಟ್ಟೆ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. “ನಲವತ್ತೈದು ವರ್ಷವಾ? ಅಬ್ಬಾ. ಅಷ್ಟು ದೊಡ್ಡ ಕೂಡಿಟ್ಟ ಗಂಟು ಯಾರ ಹತ್ರಾನೂ ಇಲ್ಲ ಬಿಡು. ಒಂದೇ ಸಲ ಬರುತ್ತೆ ಅದು ಉಪಯೋಗಕ್ಕೆ, ಹುಷಾರು.”

ನಮ್ಮ ಬ್ರೌಲಿಯೊ ಪ್ರತಿ ಕೈಯಲ್ಲೂ ಆಗ ತಾನೇ ಹುಟ್ಟಿದವನಂತೆ ಆಡುತ್ತಾನೆ. ಎದುರಿನವನು ತನ್ನನ್ನು ಏನೆಂದುಕೊಂಡಿದ್ದಾನೆ ಎಂಬ ಯೋಚನೆಯೇ ಅವನಿಗಿಲ್ಲ. ಅದರ ಮೇಲೆ ಪ್ರತಿ ಸಲ ಎಲೆಗಳನ್ನು ತೆರೆದು ತೋರಿಸುತ್ತಾನೆ, ನಾನು ಮೇ 14ರಂದು ತೋರಿಸಿದ ಹಾಗೆ. ‘ಏನಿತ್ತು?’ ಎಂಬ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ. ಎರಡನೇ ಆಟಕ್ಕೆ ಯಾರಾದರೂ ಯಾಕೆ ಕೂರಬೇಕು?

ಹನ್ನೊಂದನೆಯ ಸಾಲು. ಕೆಳಗೆ ನನ್ನ ಸಹಿ.

ಜೂನ್ 4, ಮಂಗಳವಾರ

ಐಲೆನ್‌ಗೆ ಹೇಳಿದೆ. “ಎರಡು ವರ್ಷದ ಹಿಂದೇನೇ ಹೇಳಿದ್ನಲ್ಲೇ ಸಿಲ್ವಿ, ಎಲೆ ತೋರಿಸೋದು ಬೇಡ ಅಂತ!” ಎಂದಳು. ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಹೌದು, ಒಂದೇ ಸಾಲಿನಲ್ಲಿ ಹೇಳಿದ್ದಳು. ನಾನು ನಾಲ್ಕು ಪುಟ ಉತ್ತರ ಬರೆದಿದ್ದೆ. ಓದಲು ಕಷ್ಟವಾಯಿತು.

ಹನ್ನೊಂದನೆಯ ಸಾಲನ್ನು ಹಾಳೆಯಿಂದ ಹೊಡೆದುಹಾಕಿ, ಹೊಸ ಬ್ರೌಲಿಯೊನನ್ನು ಶುರು ಮಾಡಿದ್ದೇವೆ. ಇವನು ಎಲೆ ತೋರಿಸುವುದಿಲ್ಲ, ಇಣುಕುವುದಿಲ್ಲ. ಎದುರಿನವರ ಕಣ್ಣಲ್ಲಿ ತಾನು ಎಷ್ಟು ಸುಳ್ಳ ಎಂಬ ಲೆಕ್ಕ ಇಟ್ಟುಕೊಳ್ಳುತ್ತಾನೆ. ಆರಂಭದಲ್ಲಿ ಬೇಕೆಂದೇ ಸಿಕ್ಕಿಬೀಳುತ್ತಾನೆ.

ಕೆಲಸದ ಹೊತ್ತಿನಲ್ಲೇ ಚೊಲಾಳನ್ನು ಕಾಣಬೇಕಿತ್ತು. ದಂತವೈದ್ಯರ ಹತ್ತಿರ ಹೋಗುತ್ತಿದ್ದೇನೆ ಎಂದು ರೋಲೊಗೆ ಹೇಳಿದೆ. ಕ್ಲಬ್ಬಿನ ದಾರಿಯಲ್ಲಿ ದಂತವೈದ್ಯರ ಫಲಕ ಒಂದಿದೆ. ಅದರ ಹತ್ತಿರ ಹೋಗಿದ್ದಂತೂ ನಿಜ.

ಜೂನ್ 11, ಮಂಗಳವಾರ

ಮತ್ತೆ ದಂತವೈದ್ಯರು. ಯಾವ ಹಲ್ಲು ಎಂದು ರೋಲೊ ಕೇಳಿದ. ಮೇಲಿನ ಎಡಗಡೆಯ ದವಡೆಹಲ್ಲು ಎಂದೆ. ಆ ಹಲ್ಲು ನನಗಿದೆ.

ಹೊಸ ಬ್ರೌಲಿಯೊನನ್ನು ಎಲಿಸೆಯೊ ಎದುರು ಕೂರಿಸಿದೆವು. ಆಟ ಅರ್ಧಕ್ಕೇ ಕೆಟ್ಟು ನಿಂತಿತು, ಐಲೆನ್ ಎಲ್ಲೋ ತಪ್ಪು ಬರೆದಿದ್ದಳು. ಆದರೆ ಅಷ್ಟರಲ್ಲಿ ಬ್ರೌಲಿಯೊ ಎರಡು ಸಲ ಸಿಕ್ಕಿಬಿದ್ದಿದ್ದ, ಮೂರನೇ ಸಲ ಎಲಿಸೆಯೊ ಬಾಯಲ್ಲಿ ‘ಬೇಡ’ ಅನ್ನಿಸಿದ್ದ. “ಹಲ್ಕಾ ಮುದಿಯ! ನಿನ್ನ ಮೀಸೆ ಬೋಳಿಸ್ತೀನಿ!” ಎಂದು ಅವರು ಪರದೆಗೆ ಬೆರಳು ತೋರಿಸಿ ಕೂಗಿದರು.

ಐಲೆನ್ ಕ್ಷಮೆ ಕೇಳಲು ಹೊರಟಳು. ಚೊಲಾ ತಡೆದಳು. “ಸುಮ್ನಿರೇ ಹುಡುಗಿ. ಯಂತ್ರಕ್ಕೆ ಯಾರಾದ್ರೂ ಮೀಸೆ ಬೋಳಿಸ್ತೀನಿ ಅಂತಾರಾ?”

ಜೂನ್ 20, ಗುರುವಾರ

ಧ್ವಜದ ದಿನ, ರಜೆ. ನೋಯೆಮಿ ಪೋಂಚೊ ಹಾಕಿಕೊಂಡ ಫೋಟೊ ಕಳಿಸಿ ಫೋನ್ ಮಾಡಿದಳು. ಕತ್ತು ಸಡಿಲ ಮಾಡಿದ್ದಾಳಂತೆ, ಬಣ್ಣ ಅದೇ. ಬಹಳ ಚೆನ್ನಾಗಿದೆ, ನಿನ್ನ ಮುಖಕ್ಕೆ ಕಳೆ ಬಂದಿದೆ ಎಂದೆ. ಸಂಜೆ ಬೆತೊ ಡಬ್ಬಿಯಲ್ಲಿ ಲೋಕ್ರೊ ತಂದುಕೊಟ್ಟ. ಉಪ್ಪು ಸ್ವಲ್ಪ ಹೆಚ್ಚು.

ಜೂನ್ 26, ಬುಧವಾರ

ರೋಲೊ ಹೊಸ ಬ್ರೌಲಿಯೊನನ್ನು ನೋಡಿದ. ಐದೇ ನಿಮಿಷ. ಅಷ್ಟರಲ್ಲಿ ಬ್ರೌಲಿಯೊ ಎರಡು ಸಲ ಸಿಕ್ಕಿಬಿದ್ದ.

“ಇದೇನೇ ಇದು? ಪೆದ್ದ! ನಾಲ್ಕು ಇಟ್ಕೊಂಡು ಕೂಗ್ತಾನೆ!”

“ಬೇಕಂತಲೇ, ರೋಲೊ. ಆಟ ಪೂರ್ತಿ ನೋಡು.”

“ಆ ಹೆಂಗಸು ಪೂರ್ತಿ ನೋಡ್ತಾಳಾ? ಮೊದಲ ಐದು ನಿಮಿಷದಲ್ಲೇ ಯಂತ್ರ ಕೆಟ್ಟಿದೆ ಅಂತ ಬಸ್ ಹತ್ತುತ್ತಾಳೆ. ನಲವತ್ತು ಜನ ಆಡಿ ತೋರ್ಸಿ, ಒಪ್ಕೋತೀನಿ. ಇವ್ನ ಜೊತೆ ಸರಿಯಾಗಿ ಆಡಿದವ್ರು ಯಾರೂ ಇಲ್ಲ. ಎರಡು ವರ್ಷಾನ ಒಬ್ಬ ಸುಳ್ಳು ಹೇಳೋಕೂ ಬಾರದ ಮುದುಕನ ಮೇಲೆ ಕಟ್ಟೋಕಾಗಲ್ಲ ನಂಗೆ. ಶನಿವಾರ ಇಣುಕೋನನ್ನೇ ಹಾಕಿ. ಹಾಳೆಗೆ ಸಹಿ ಬೇಕು, ಸಿಲ್ವಿ. ಮುಗೀತು.”

ಅವನು ಹೇಳಿದ್ದು ಪೂರ್ತಿ ತಪ್ಪೇ? ಅಲ್ಲ. ಹೊಸ ಬ್ರೌಲಿಯೊ ಜೊತೆ ಕೊನೆಯವರೆಗೆ ಆಡಿದವರು ನಾನು ಮತ್ತು ಐಲೆನ್ ಮಾತ್ರ. ನಾವು ಮಾಡಿದ್ದು ನಮಗೆ ಚೆನ್ನಾಗಿ ಕಾಣಿಸಲೇಬೇಕು. ಸೋತರೆ ಐಲೆನ್‌ಳ ಎರಡು ವರ್ಷ ನನ್ನಿಂದಾಗಿ ಹಾಳು. ಇದನ್ನು ಅವಳಿಗೇ ಹೇಳಿದೆ. ಅವಳು ಕಚೇರಿಯ ಅಡುಗೆಮನೆಯಲ್ಲಿ ಥರ್ಮಾಸ್ ಅಪ್ಪಿಕೊಂಡು ಅಳುತ್ತಿದ್ದಳು.

“ಇಣುಕೋನು ಗೆದ್ರೂ ನಾನು ಇರಲ್ಲ ಸಿಲ್ವಿ,” ಎಂದಳು. “ಅವ್ನಿಗೆ ನಾನೇನೂ ಬರೆದಿಲ್ಲ. ಕಣ್ಣು ಬಿಡಿಸಿದೆ, ಅಷ್ಟೇ.”

ನಾನು ರೋಲೊ ಹತ್ತಿರ ಹೋಗಿ, ಕ್ಲಬ್ಬಿನ ಪರದೆಗೆ ಬ್ರೌಲಿಯೊನನ್ನು ನಾನೇ ಹಾಕಿ ಬರುತ್ತೇನೆ ಎಂದೆ. ಅವನಿಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು. “ನೀನು ಹಾಕಿದ್ರೆ ನಾನು ನೋಡೋ ಅಗತ್ಯಾನೇ ಇಲ್ಲ,” ಎಂದ.

ಜೂನ್ 28, ಶುಕ್ರವಾರ

“ಹಾಕಿದ್ಯಾ?” ರೋಲೊ ಕೇಳಿದ.

“ಹಾಕಿದೆ.”

“ಇಣುಕೋನನ್ನೇ ತಾನೆ?”

“ಹೌದು.”

ಉತ್ತರ ತೀರಾ ಬೇಗ ಬರಬಾರದು, ತೀರಾ ತಡವೂ ಆಗಬಾರದು. ಅದು ಸರಿಯಾಗಿಯೇ ಬಂತೆಂದು ಕಾಣುತ್ತದೆ.

ಹಾಳೆ ಮುಂದಿಟ್ಟ. ‘ಎದುರಾಳಿ ಆಟಗಾರನ ಎಲೆಗಳನ್ನು ಕದ್ದು ನೋಡುವುದಿಲ್ಲ.’ ಒಮ್ಮೆ ಓದಿ ಸಹಿ ಹಾಕಿದೆ. ಆ ಸಾಲಿನಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ರೋಲೊ ಮಾತ್ರ ನನ್ನ ಭುಜ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, “ನಿಂಗೆ ಇದು ಎಷ್ಟು ಕಷ್ಟ ಅಂತ ನಂಗೆ ಗೊತ್ತಮ್ಮ. ಈ ಉಪಕಾರ ಮರೆಯಲ್ಲ,” ಎಂದ. ನಾನು ತಲೆ ತಗ್ಗಿಸಿದೆ. ಮೇಲೆತ್ತಿದ್ದರೆ ನಕ್ಕುಬಿಡುತ್ತಿದ್ದೆ.

ಸಂಜೆ ಹಲ್ಲಿನ ನೋವು ಹೇಗಿದೆ ಎಂದು ಕೇಳಿ ಲವಂಗದ ಎಣ್ಣೆ ಕಳಿಸಿದ್ದಾನೆ. ಒಳ್ಳೆಯ ಮನುಷ್ಯ.

ಜೂನ್ 29, ಶನಿವಾರ

ವಿವರವಾಗಿ ಬರೆಯುತ್ತೇನೆ.

ಹನ್ನೊಂದಕ್ಕೆ ಮಿಲಾಗ್ರೋಸ್ ಬಂದಳು. ಐವತ್ತರ ಆಸುಪಾಸು, ಹೆಚ್ಚು ಮಾತಿಲ್ಲ. ಹಾಲಿನ ಕಾಫಿ ಹಿಡಿದು ಮೂಲೆಯಲ್ಲಿ ಕೂತಳು. ಚೊಲಾ ಅವಳ ಮುಂದೆ ಒಂದು ತಟ್ಟೆ ಸಲಾಮಿ ಮಾಂಸದ ಹೋಳು ಇಟ್ಟು, “ತಿನ್ನಿ, ಮುಖ ನೋಡಿದ್ರೆ ರಾಜಧಾನಿಯವ್ರು ಅಂತ ಗೊತ್ತಾಗುತ್ತೆ,” ಎಂದಳು.

ಮೊದಲು ಎಲಿಸೆಯೊ ಕೂತರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಬ್ರೌಲಿಯೊ ಎರಡನೇ ಕೈಯಲ್ಲೇ ನಾಲ್ಕು ಹಿಡಿದು ಕೂಗಿ ಸಿಕ್ಕಿಬಿದ್ದ. ಕ್ಲಬ್ಬು ನಕ್ಕಿತು. ಐದನೇ ಕೈಯಲ್ಲಿ ಮತ್ತೆ. ರೋಲೊ ಬೆವರು ಒರೆಸಿಕೊಳ್ಳುತ್ತಾ ನನ್ನ ಕಿವಿಗೆ ಬಾಯಿಟ್ಟ.

“ಯಾಕೆ ಸಿಕ್ಕಿಬೀಳ್ತಾನೆ? ಇವ್ನಿಗೆ ಅವ್ರ ಎಲೆ ಕಾಣುತ್ತಲ್ಲ?”

“ಕಾಣೋದ್ರಿಂದಲೇ. ಯಾವಾಗ ಸಿಕ್ಕಿಬಿದ್ರೆ ಅಗ್ಗ ಅಂತ ಅವ್ನಿಗೆ ಗೊತ್ತು.”

“ಓಹೋಹೋ!” ಎಂದ ರೋಲೊ. “ಏನು ಜಾಣ!”

ಎಲಿಸೆಯೊ 28, ಬ್ರೌಲಿಯೊ 26. ಎಲಿಸೆಯೊ ಟ್ರೂಕೊ ಕೂಗಿದರು. ಬ್ರೌಲಿಯೊ ಹಲ್ಲುಕಡ್ಡಿಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಸರಿಸಿ ಇನ್ನೂ ಏರಿಸಿದ. ಎಲಿಸೆಯೊ ಯೋಚಿಸಿದರು. ಅವರ ಬೆನ್ನ ಹಿಂದೆ ಏಳು ಜನ ಯೋಚಿಸಿದರು.

“ಬುರುಡೆ ಕಣೋ, ಬೇಕು ಅನ್ನು!”

“ಈ ಸಲ ಇದೆ ಅವ್ನ ಹತ್ರ. ಮೀಸೆ ನೋಡು.”

“ಮೀಸೆ ಬರೆದಿರೋದೋ ಪೆದ್ದ!”

“ಬೇಡ,” ಎಂದರು ಎಲಿಸೆಯೊ ಕೊನೆಗೆ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ಬ್ರೌಲಿಯೊ ತನ್ನ ಎಲೆಗಳನ್ನು ಬೋರಲಾಗಿಯೇ ಕಟ್ಟಿನೊಳಗೆ ತೂರಿಸಿ ಹಲ್ಲು ಕೆದಕತೊಡಗಿದ.

“ಏನಿತ್ತೋ?” ಎಂದರು ಎಲಿಸೆಯೊ ಪರದೆಗೆ.

ಮುಂದಿನ ಕೈಯಲ್ಲಿ ಬ್ರೌಲಿಯೊ ಕೂಗಿದ. ಎಲಿಸೆಯೊ ಎದ್ದು ನಿಂತು ಮೇಜು ಗುದ್ದಿ “ಬೇಕು!” ಎಂದರು. ಬ್ರೌಲಿಯೊ ಕತ್ತಿಯ ಎಕ್ಕವನ್ನು, ಮಗುವಿನ ತಲೆಗೆ ದಿಂಬು ಇಟ್ಟಷ್ಟು ಮೆಲ್ಲಗೆ, ಇಟ್ಟ. ಮೂವತ್ತು.

ಅಬ್ಬರದ ನಡುವೆ ಎಲಿಸೆಯೊ ಮತ್ತೆ ಕೂತರು. ಎರಡನೇ ಆಟದ ಗುಂಡಿ ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ, ತಾವೇ ಹುಡುಕಿ ಒತ್ತಿದರು. “ಈಗಿನದು ಬಿಡು. ಅದಕ್ಕೆ ಮುಂಚೆ ಏನಿತ್ತು ಹೇಳೋ, ಮುದಿ ಕಳ್ಳ!” ಐಲೆನ್ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅಲ್ಲಿ ಈಗ ನೀಲಿಗಟ್ಟಿದೆ. ಎಲಿಸೆಯೊ ಹಿಂದೆ ಸಾಲು ಬೆಳೆಯಿತು. ಸಾಲಿನ ಕೊನೆಯಲ್ಲಿ ಮಿಲಾಗ್ರೋಸ್, ಬಾಯಲ್ಲಿ ಸಲಾಮಿ.

ಹೊರಡುವಾಗ ಅವಳು ಒಂದೇ ಪ್ರಶ್ನೆ ಕೇಳಿದಳು. “ಈ ಮುದುಕ ನಮ್ಮ ಎಲೆ ನೋಡಲ್ಲ ತಾನೆ?”

ರೋಲೊ ಚಾವಣಿಯ ಜೇಡರಬಲೆಯನ್ನು ನೋಡತೊಡಗಿದ.

“ನೋಡಲ್ಲ,” ಎಂದೆ. “ಬೇಕಾದ್ರೆ ಒಳಗೆಲ್ಲ ತೆರೆದು ನೋಡ್ಕೊಳ್ಳಿ.”

ಅವಳು ಹೋದ ಮೇಲೆ ರೋಲೊ ನನ್ನನ್ನು ಹೊಸಬಳನ್ನು ಕಂಡಂತೆ ನೋಡಿದ. “ಕಣ್ಣು ಕೂಡ ಮಿಟುಕಿಸಲಿಲ್ವಲ್ಲೇ. ನಂಗೆ ಭಯ ಆಯ್ತು.”

ಜೂನ್ 30, ಭಾನುವಾರ

ಮಂಗಳವಾರ ಮಿಲಾಗ್ರೋಸ್ ಜೊತೆ ಕಾಗದಪತ್ರ. ಅದಾದ ಮೇಲೆ ಯಾವ ಬ್ರೌಲಿಯೊ ಇದ್ದದ್ದು ಎಂದು ರೋಲೊ ಕೇಳಿದರೆ ಹೇಳುತ್ತೇನೆ. ಕೇಳಬೇಕಷ್ಟೆ.

ಮಧ್ಯಾಹ್ನ ಕ್ಲಬ್ಬಿಗೆ ಹೋಗಿದ್ದೆ. ಹೊರಗೆ ಚಳಿ ಮಳೆ. ಚೊಲಾ ತೋರ್ತಾ ಫ್ರೀತಾ ಎಂಬ ಸಿಹಿ ಪೂರಿ ಕರಿದಿದ್ದಳು. ಸಕ್ಕರೆ ಮೆತ್ತಿದ ಬೆರಳಲ್ಲೇ ಆಟಕ್ಕೆ ಕೂತೆವು, ಅವಳು ನಾನು ಇಬ್ಬರೇ. ಎಲಿಸೆಯೊ ಪರದೆಯ ಮುಂದಿದ್ದರು, ಬೆಳಿಗ್ಗೆಯಿಂದ.

ಅವಳು 28, ನಾನು 27. ಅವಳು ಟ್ರೂಕೊ ಎಂದಳು. ನಾನು ತೋರ್ತಾದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಇನ್ನೂ ಏರಿಸಿದೆ.

ಚೊಲಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಕೊನೆಗೆ ಕನ್ನಡಕ ತೆಗೆದಿಟ್ಟಳು.

“ಬೇಡ.”

ನನ್ನ ಎಲೆಗಳನ್ನು ಬೋರಲಾಗಿಯೇ ಕಟ್ಟಿಗೆ ತೂರಿಸಿದೆ. ಎರಡಂಕ ನನಗೆ. ಅವಳು ಎಲೆ ಕಲಸಲು ಕೈ ಹಾಕಿದವಳು ಅರ್ಧಕ್ಕೇ ನಿಲ್ಲಿಸಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

“ಮಿಸ್... ಏನಿತ್ತೇ?”

ಐವತ್ತು ವರ್ಷದಿಂದ ಆಡುತ್ತಿರುವ ಚೊಲಾ ಕೇಳಿದ್ದು! ನಾನು ಮಳೆ ಇನ್ನೂ ಜೋರಾಯಿತು ಎಂದೆ.

ಮನೆಗೆ ಬಂದು, ನಡೆದದ್ದನ್ನು ನಡೆದ ಹಾಗೆ ಬರೆದಿಡೋಣವೆಂದು ಈ ಪುಸ್ತಕ ತೆರೆದೆ. ನನ್ನ ಕೈಯಲ್ಲಿ ಎರಡು ಎಲೆ ಉಳಿದಿದ್ದವು. ಒಂದು ಬಟ್ಟಲಿನ ನಾಲ್ಕು. ಇನ್ನೊಂದು...

ಅದು ಕಟ್ಟಿಗೆ ಸೇರಿಯಾಗಿದೆ. ತಿಳಿಯಬೇಕಿದ್ದರೆ ಚೊಲಾ ‘ಬೇಕು’ ಅನ್ನಬೇಕಿತ್ತು.